ಮಾಹಿತಿದಾರಳು ‘ಎ’ ಪರವಾಗಿ, ಭಾಷಾವಿಜ್ಞಾನ ವಿಭಾಗದ ಮುಖ್ಯಸ್ಥರಿಗೆ

ಮಾನ್ಯ ವಿಭಾಗ ಮುಖ್ಯಸ್ಥರೇ,

ತಮ್ಮ ಆರೋಗ್ಯ, ತಮ್ಮ ಗಂಟಲು, ಮೂರನೇ ಮಹಡಿಯ ತಮ್ಮ ಕೋಣೆ, ಆ ಕೋಣೆಯಲ್ಲಿ ವಿದ್ಯಾರ್ಥಿಗಳು ನಿಂತು ಮಾತಾಡಲೆಂದು ತಾವು ಬಿಟ್ಟಿರುವ ಎರಡೂವರೆ ಅಡಿ ಜಾಗ, ಇವೆಲ್ಲವೂ ಕ್ಷೇಮವೆಂದು ನಂಬಿ, ತಮ್ಮ ಭಾಷಾವಿಜ್ಞಾನ ವಿಭಾಗದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಎರಡು ವರ್ಷ ಸ್ನಾತಕೋತ್ತರ ವ್ಯಾಸಂಗ ಮಾಡಿದ ನಾನು ಅತ್ಯಂತ ವಿನಯದಿಂದ, ಮತ್ತು ಊರಿನವರೆಲ್ಲ ಓದಲಿ ಎಂಬ ಸಣ್ಣ ಆಸೆಯಿಂದ, ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ಕಳೆದ ಸೋಮವಾರ ನನ್ನ ಚಿಕ್ಕಮ್ಮನ ಹೆಸರಿಗೆ ತಮ್ಮ ಸಹಿಯ ಪತ್ರವೊಂದು ಬಂತು. ದಪ್ಪ ಕಾಗದ, ಎರಡು ಮುದ್ರೆ, ಒಂದೂ ಕಾಗುಣಿತದ ತಪ್ಪಿಲ್ಲದ ಫ್ರೆಂಚ್. ಮೌಖಿಕ ಪರೀಕ್ಷೆ ನಡೆಯುತ್ತಿರುವಾಗ ಪ್ರೇಕ್ಷಕರ ಸಾಲಿನಿಂದ ಎದ್ದು ಮಾತನಾಡಿ ಶಿಸ್ತು ಕದಡಿದ ಕಾರಣ ಅವರು ಒಂದು ವರ್ಷ ವಿಭಾಗದ ಕಟ್ಟಡದೊಳಗೆ ಕಾಲಿಡುವಂತಿಲ್ಲ ಎಂಬುದು ಅದರ ಸಾರಾಂಶ. ಐವತ್ತೆಂಟು ವರ್ಷದ ಬದುಕಿನಲ್ಲಿ ಅವರು ವಿಶ್ವವಿದ್ಯಾಲಯವೊಂದರ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅಲ್ಲಿ ಬಾಯಿ ತೆರೆದದ್ದು ಅರ್ಧ ನಿಮಿಷ. ಅಷ್ಟಕ್ಕೇ ಇಷ್ಟು ದೊಡ್ಡ ಸಂಸ್ಥೆ ಬಾಗಿಲು ಭದ್ರಪಡಿಸಿಕೊಂಡಿತೆಂದರೆ ಆ ಅರ್ಧ ನಿಮಿಷದ ಮಾತಿನಲ್ಲಿ ಏನೋ ಇದ್ದಿರಲೇಬೇಕು. ಕೆಲಸದ ಒತ್ತಡದಲ್ಲಿ ತಾವು ಅದನ್ನು ಮರೆತಿರಬಹುದಾದ್ದರಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಪರೀಕ್ಷೆಯ ವರದಿಯಲ್ಲಿ ತಾವೇ ನನ್ನ ಫ್ರೆಂಚನ್ನು ‘ಸಾಕಷ್ಟಿದೆ, ಆದರೆ ಒಳಗೆ ಬೇರೊಂದು ಭಾಷೆ ಓಡಾಡುವ ಸದ್ದು ಕೇಳುತ್ತದೆ’ ಎಂದು ಬಣ್ಣಿಸಿದ್ದೀರಿ. ಒಳಗೆ ಓಡಾಡುತ್ತಿದ್ದವರು ಯಾರೆಂದು ತಮಗೂ ಕುತೂಹಲವಿದ್ದೀತೆಂದು ಈ ಸಲ ಅವರನ್ನೇ ಹೊರಗೆ ಕರೆದಿದ್ದೇನೆ. ಫ್ರೆಂಚ್ ಪ್ರತಿಯನ್ನೂ ಲಗತ್ತಿಸಿದ್ದೇನೆ. ಆ ಪ್ರತಿಯಲ್ಲಿ ತಪ್ಪುಗಳಿದ್ದರೆ ಅವು ನನ್ನವು. ಈ ಪ್ರತಿಯಲ್ಲಿ ಅರ್ಥವಾಗದ್ದೇನಾದರೂ ಇದ್ದರೆ ಅದು ತಮ್ಮದು.

ನಾನು ಒಂದು ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿ. ನಮ್ಮ ಶಾಲೆಗೆ ಪ್ರತಿ ವರ್ಷ ಇಪ್ಪತ್ತು ಮೂವತ್ತು ಮಕ್ಕಳು ತರಗತಿಯ ಭಾಷೆಯೊಂದನ್ನು ಬಿಟ್ಟು ಬೇರೆಲ್ಲ ಭಾಷೆಗಳನ್ನೂ ಮಾತಾಡಿಕೊಂಡು ಬರುತ್ತಾರೆ. ಅವರ ಪಕ್ಕದಲ್ಲಿ ಕೂತು, ‘ಕಿಟಕಿ’, ‘ಪೆನ್ಸಿಲ್’, ‘ಹೊಟ್ಟೆನೋವು’ ಎಂಬ ಅತ್ಯಗತ್ಯ ಪದಗಳನ್ನು ದಾಟಿಸುವುದು ಹನ್ನೆರಡು ವರ್ಷಗಳಿಂದ ನನ್ನ ಕೆಲಸ. ಆ ಮಕ್ಕಳಿಗೆಂದೇ ಒಂದು ಖಾಯಂ ಶಿಕ್ಷಕಿಯ ಹುದ್ದೆ ಮಂಜೂರಾಯಿತು. ನಿಯಮ ಎರಡೇ: ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯಿದ್ದು ಪ್ರಬಂಧಕ್ಕೆ ಇಪ್ಪತ್ತರಲ್ಲಿ ಹದಿಮೂರು ಅಂಕ ಬಂದಿರಬೇಕು, ಮತ್ತು ವಯಸ್ಸು ನಲವತ್ತು ದಾಟಿರಬಾರದು. ಆಗ ನನಗೆ ಮೂವತ್ತೇಳು. ಊರಿನಲ್ಲಿ ಆ ಪದವಿ ಸಿಗುವ ಜಾಗ ತಮ್ಮ ವಿಭಾಗವೊಂದೇ. ನಮ್ಮ ಬೀದಿಯಲ್ಲಿ ನಾಲ್ಕು ಭಾಷೆ ನಡೆಯುತ್ತವೆ, ತಮ್ಮ ಮೂರನೇ ಮಹಡಿಯಲ್ಲಿ ಮಾತ್ರ ಒಂದೇ. ಸಂಜೆ ತರಗತಿಗಳಲ್ಲಿ ಎಂಟು ವರ್ಷ ಕಲಿತ ಫ್ರೆಂಚನ್ನು ಒರೆಸಿ, ಮಡಚಿ, ಕೈಚೀಲದಲ್ಲಿಟ್ಟುಕೊಂಡು ನಾನು ತಮ್ಮಲ್ಲಿಗೆ ಬಂದೆ.

ಬಂದ ಮೇಲೆ ತಮ್ಮ ವಿಭಾಗ ನನಗೆ ಕಲಿಸಿದ್ದನ್ನು ಹೇಗೆ ಹೊಗಳಲಿ? ಅಕ್ಷರಗಳನ್ನು ಸಾಲಾಗಿ ಬರೆದು ಅವುಗಳಲ್ಲಿ ಅರ್ಧವನ್ನು ನುಂಗಿಕೊಳ್ಳುವ ಸಂಯಮ ಕಲಿತೆ. ನಾಲಿಗೆಯಲ್ಲಿ ಹುಟ್ಟಿ ಬೆಳೆದ ನನ್ನ ರಕಾರವನ್ನು ಗಂಟಲಿಗೆ ವರ್ಗ ಮಾಡಿಸಿದೆ. ಈ ವರ್ಗಾವಣೆಗಾಗಿ ನಾನು ಬೆಳಿಗ್ಗೆ ಬಚ್ಚಲಲ್ಲಿ ಅಭ್ಯಾಸ ಮಾಡುತ್ತಿದ್ದರೆ, ಚಿಕ್ಕಮ್ಮ ಬಾಗಿಲ ಹೊರಗೆ ಉಪ್ಪು ಹಾಕಿದ ಬಿಸಿನೀರಿನ ಲೋಟ ಇಟ್ಟು ಹೋಗುತ್ತಿದ್ದರು. ಮೂರು ವಾರವಾದರೂ ನನ್ನ ಗಂಟಲು ಗುಣವಾಗದ್ದನ್ನು ಕಂಡು ಡಾಕ್ಟರಲ್ಲಿ ಹೆಸರು ಬರೆಸಿಯೂ ಬಂದಿದ್ದರು.

ಪ್ರಬಂಧದ ವಿಷಯಕ್ಕೆ ಬರುತ್ತೇನೆ. ಫ್ರೆಂಚಿನಲ್ಲಿ ಪ್ರಬಂಧಕ್ಕೆ ‘ಮೆಮ್ವಾರ್’ ಎನ್ನುತ್ತಾರೆ. ನೆನಪಿನ ಶಕ್ತಿಗೂ ಅದೇ ಪದ. ಪದ ಗಂಡಾದರೆ ಪ್ರಬಂಧ, ಹೆಣ್ಣಾದರೆ ನೆನಪು. ಕಂಪ್ಯೂಟರ್ ಕೆಟ್ಟು ಮೊದಲ ಅಧ್ಯಾಯ ಅಳಿಸಿಹೋದ ದಿನ ಗಾಬರಿಯಲ್ಲಿ ಲಿಂಗ ತಪ್ಪಿ, ‘ನಾನು ನೆನಪಿನ ಶಕ್ತಿಯನ್ನು ಕಳೆದುಕೊಂಡಿದ್ದೇನೆ, ದಯವಿಟ್ಟು ಹದಿನೈದು ದಿನ ಹೆಚ್ಚು ಕೊಡಿ’ ಎಂದು ತಮ್ಮ ಕಚೇರಿಗೆ ಅರ್ಜಿ ಬರೆದೆ. ಕಚೇರಿಯ ಕಿಟಕಿಯ ಹಿಂದೆ ಕೂರುವ, ನಾವೆಲ್ಲ ಮುದ್ರೆಯಮ್ಮ ಎಂದು ಕರೆಯುವ ಗುಮಾಸ್ತೆ ಅದನ್ನು ಗಂಭೀರವಾಗಿ ಓದಿ, ವೈದ್ಯಕೀಯ ರಜೆಯ ನಮೂನೆ ಕೊಟ್ಟು, ಹದಿನೈದು ದಿನವಲ್ಲ, ಒಂದು ತಿಂಗಳು ಮಂಜೂರು ಮಾಡಿಸಿದರು. ಆಮೇಲೂ ಎಷ್ಟೋ ದಿನ ನನ್ನನ್ನು ಕಂಡರೆ ‘ಈಗ ಹೇಗಿದ್ದೀರಿ, ನನ್ನ ಗುರುತು ಸಿಕ್ಕಿತಾ’ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು.

ತಾವು ನನಗೆ ಸೂಚಿಸಿದ ವಿಷಯ ಫ್ರೆಂಚಿನ ಯಾವುದೋ ಒಂದು ಸಂಬಂಧಸೂಚಕ ಪದ. ಅದರ ಮೇಲೆ ಆಗಲೇ ನೂರಾರು ಪ್ರಬಂಧಗಳಿದ್ದವು. ಇನ್ನೊಂದು ಬಂದರೆ ಆ ಪದ ತಿರುಗಿ ಬಿದ್ದೀತು ಎಂಬ ಭಯದಿಂದ ನಾನು ಕನ್ನಡದ ‘ಗಿ’ ಆರಿಸಿಕೊಂಡೆ. ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ. ಪುಸ್ತಕಗಿಸ್ತಕ, ಬಟ್ಟೆಗಿಟ್ಟೆ, ಸೂಜಿಗೀಜಿ. ಪದದ ತಲೆ ತೆಗೆದು ಅಲ್ಲಿ ‘ಗಿ’ ಕೂರಿಸಿ, ಬಾಲವನ್ನು ಹಾಗೇ ಬಿಟ್ಟು, ಮೂಲದ ಬೆನ್ನಿಗೆ ಅಂಟಿಸಿದರೆ ಆ ವಸ್ತುವಿನ ಜೊತೆ ಅದರ ಇಡೀ ಬಳಗ ಬಂದು ನಿಲ್ಲುತ್ತದೆ. ಇದನ್ನು ತಮಗೆ ಫ್ರೆಂಚಿನಲ್ಲಿ ವಿವರಿಸಲು ನನಗೆ ಆ ಎರಡೂವರೆ ಅಡಿ ಜಾಗದಲ್ಲಿ ಐವತ್ತು ನಿಮಿಷ ಹಿಡಿಯಿತು. ಈ ಬಗ್ಗೆ ಫ್ರೆಂಚಿನಲ್ಲಿ ಬರೆದ ಪುಸ್ತಕಗಳಿವೆಯೇ ಎಂದು ಕೇಳಿದಿರಿ. ನಾನು ಹುಡುಕಿದ ಮಟ್ಟಿಗೆ ಇಲ್ಲ ಎಂದೆ. ಹಾಗಾದರೆ ಯಾರನ್ನು ಆಧಾರವಾಗಿ ತೋರಿಸುತ್ತೀರಿ ಎಂದು ಕೇಳಿದಿರಿ. ನನ್ನ ಚಿಕ್ಕಮ್ಮನನ್ನು ಎಂದೆ. ತಾವು ನಕ್ಕಿರಿ. ಆ ನಗುವನ್ನೇ ಒಪ್ಪಿಗೆಯೆಂದು ತಿಳಿದು ಮಾರನೆಯ ದಿನವೇ ಕೆಲಸ ಶುರು ಮಾಡಿದ್ದು ನನ್ನ ತಪ್ಪಿರಬಹುದು.

ಚಿಕ್ಕಮ್ಮನಿಗೆ ಬಟ್ಟೆ ಹೊಂದಿಸಿಕೊಡುವ ಅಂಗಡಿಯಿದೆ. ಉದ್ದದ ಪ್ಯಾಂಟು ಕತ್ತರಿಸುವುದು, ಬಿಗಿಯಾದ ಕೋಟು ಬಿಡಿಸುವುದು, ಕೆಟ್ಟ ಜಿಪ್ಪು ಬದಲಿಸುವುದು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಪರದೆ ಕಟ್ಟಿದ ಮೂಲೆ, ಆಳೆತ್ತರದ ಕನ್ನಡಿ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು. ಅಂದಿನಿಂದ ಆ ಇಸ್ತ್ರಿ ಮೇಜಿನ ಕೆಳಗೆ ಪಾಠ ಓದಿಕೊಂಡು ಬೆಳೆದವಳು ನಾನು. ಅವರು ಶಾಲೆಗೆ ಹೋದದ್ದು ನಾಲ್ಕು ವರ್ಷ. ಗಿರಾಕಿಗಳ ಜೊತೆ ಊರಿನ ನಾಲ್ಕೂ ಭಾಷೆಗಳಿಂದ ಹತ್ತತ್ತು ಪದ ತೆಗೆದುಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ವ್ಯವಹಾರ ಮುಗಿಸುತ್ತಾರೆ. ನನ್ನ ಜೊತೆ ಮಾತ್ರ ಕನ್ನಡ, ಅದರಲ್ಲಿ ಮೂರು ಮಾತಿಗೊಂದು ‘ಗಿ’.

ಆದರೆ ರೆಕಾರ್ಡರ್ ಮುಂದಿಟ್ಟ ದಿನ ಆ ‘ಗಿ’ ಎಲ್ಲಿ ಅಡಗಿತೋ ತಿಳಿಯದು. ಚಿಕ್ಕಮ್ಮ ಸೆರಗು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ‘ನಮಸ್ಕಾರ, ಈ ದಿನ ನಾನು ವಸ್ತ್ರಗಳ ಕುರಿತು ಮಾತನಾಡಲಿದ್ದೇನೆ’ ಎಂದು ಆಕಾಶವಾಣಿಯವರಂತೆ ಆರಂಭಿಸಿದರು. ‘ವಸ್ತ್ರ’ ಎಂಬ ಪದ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಐದು ವಾರ ಹೀಗೇ ನಡೆಯಿತು. ಆರನೇ ವಾರ ಯಂತ್ರದ ಬೆಲ್ಟು ತುಂಡಾಗಿ, ರೆಕಾರ್ಡರ್ ಇದೆಯೆಂಬುದೇ ಮರೆತು, ಬೆಲ್ಟುಗಿಲ್ಟು, ರಿಪೇರಿಗಿಪೇರಿ, ಕಂಪನಿಗಿಂಪನಿ ಎಂದು ಹದಿನೇಳು ನಿಮಿಷ ಎಡೆಬಿಡದೆ ಬೈದರು. ನನ್ನ ಪ್ರಬಂಧದ ಎರಡನೇ ಅಧ್ಯಾಯವೆಲ್ಲ ಆ ಹದಿನೇಳು ನಿಮಿಷದಿಂದ ಬಂದದ್ದು. ತಾವು ಆ ಅಧ್ಯಾಯವನ್ನು ‘ಸಮೃದ್ಧ ದತ್ತಾಂಶ’ ಎಂದು ಮೆಚ್ಚಿಕೊಂಡಿರಿ.

ಸಹಜವಾಗಿ ಆಡಿದ ಮಾತು ಸಾಲದು, ನಾವೇ ಕಟ್ಟಿದ ವಾಕ್ಯಗಳನ್ನು ಕೊಟ್ಟು ಸರಿಯೋ ತಪ್ಪೋ ಕೇಳಬೇಕು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅದರಂತೆ ನಾನು ‘ಕಪ್ಪೆ ಪ್ಯಾಂಟುಗೀಂಟು ಹೊಲಿಯಿತು’ ಎಂಬ ವಾಕ್ಯ ಮಂಡಿಸಿದೆ. ಚಿಕ್ಕಮ್ಮ ಯಂತ್ರ ನಿಲ್ಲಿಸಿ, ಕಪ್ಪೆಗೆ ಸೊಂಟ ಎಲ್ಲಿದೆ ಎಂದು ಕೇಳಿದರು. ಸೊಂಟದ ಮಾತು ಬಿಡಿ, ವಾಕ್ಯ ಸರಿಯೇ ಎಂದು ನಾನು ಪಟ್ಟು ಹಿಡಿದೆ. “ವಾಕ್ಯ ಸರಿ ಇದೆ ಕಣೇ, ಹೇಳಿದೋರ ತಲೆ ಸರಿ ಇಲ್ಲ” ಎಂದರು. ವ್ಯಾಕರಣ ಬೇರೆ, ಅರ್ಥ ಬೇರೆ ಎಂಬ ಭೇದವನ್ನು ತಾವು ಒಂದು ಇಡೀ ಸೆಮಿಸ್ಟರ್, ನಾಲ್ಕು ಬಣ್ಣದ ಪೆನ್ನು ಬಳಸಿ ಬೋಧಿಸಿದ್ದಿರಿ. ಅವರು ದಾರ ಕಚ್ಚಿ ತುಂಡು ಮಾಡುವಷ್ಟರಲ್ಲಿ ಮುಗಿಸಿದರು. ತಪ್ಪು ವಾಕ್ಯದ ತಲೆಗೆ ನಾವು ನಕ್ಷತ್ರ ಹಾಕುತ್ತೇವೆ ಎಂಬುದನ್ನು ಮಾತ್ರ ಅವರು ಕೊನೆಗೂ ಒಪ್ಪಲಿಲ್ಲ. ತಪ್ಪು ಮಾಡಿದವರಿಗೆ ನಕ್ಷತ್ರ ಕೊಡುವುದಾದರೆ ನಿಮ್ಮ ಶಾಲೆಯ ಮಕ್ಕಳಿಗೆ ಏನು ಹೇಳುತ್ತೀಯ ಎಂದು ಕೇಳಿದರು.

ಗೌಪ್ಯತೆಯ ನಿಯಮದಂತೆ ಪ್ರಬಂಧದಲ್ಲಿ ಅವರನ್ನು ‘ಮಾಹಿತಿದಾರಳು ಎ’ ಎಂದು ಕರೆಯಬೇಕಾಯಿತು. ಬಿ ಯಾರು ಎಂದು ಅವರು ತುಸು ಬಿಗುವಿನಿಂದ ವಿಚಾರಿಸಿದರು. ಬಿ ಇಲ್ಲ ಎಂದೆ. ಒಬ್ಬಳೇ ಇದ್ದ ಮೇಲೆ ಎ ಯಾಕೆ ಎಂದರು. ಆದರೂ ಕರಡು ಪ್ರತಿ ಮನೆಗೆ ಬಂದ ದಿನ, ಅವರ ಮಾತುಗಳನ್ನು ಧ್ವನಿಲಿಪಿಯಲ್ಲಿ ಬರೆದ ಪುಟಗಳ ಮೇಲೆ, ಬಟ್ಟೆಯ ನೂಲು ನೋಡುವಂತೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತರು. “ಇಷ್ಟು ವರ್ಷ ಬಾಯಿಗೆ ಬಂದಿದ್ದು ಆಡ್ತಿದೀನಿ ಅಂದ್ಕೊಂಡಿದ್ದೆ. ಇದಕ್ಕೂ ಕಾನೂನು ಇದೆಯಾ?” ಎಂದು ಕೇಳಿದರು. ಇದೆ, ನೀವು ಒಂದು ಸಲವೂ ತಪ್ಪಿಲ್ಲ ಎಂದೆ. ಅವರ ಮುಖ ಆಗ ಹೇಗಿತ್ತೆಂದು ವರ್ಣಿಸಲು ತಮ್ಮ ವಿಭಾಗ ನನಗೆ ಕಲಿಸಿದ ಯಾವ ಪಾರಿಭಾಷಿಕ ಪದವೂ ಸಾಲದು.

ಉಳಿದದ್ದು ಒಂದೇ ತೊಡಕು. ಮೊದಲೇ ‘ಗಿ’ಯಿಂದ ಆರಂಭವಾಗುವ ಪದಗಳ ಗತಿಯೇನು? ಗಿರಾಕಿ ಎಂಬ ಪದದ ತಲೆ ತೆಗೆದು ‘ಗಿ’ ಕೂರಿಸಿದರೆ ಮತ್ತೆ ಗಿರಾಕಿಯೇ ಬರುತ್ತದೆ. ಇದನ್ನು ಕೇಳಲು ನಾನು ಅಂಗಡಿಗೆ ಹೋದಾಗ ಎತ್ತರದ ಗಿರಾಕಿಯೊಬ್ಬರು ಮೈತುಂಬ ಗುಂಡುಸೂಜಿ ಚುಚ್ಚಿಸಿಕೊಂಡು ಕನ್ನಡಿಯ ಮುಂದೆ ಕೋಟು ಹಾಕಿ ನಿಂತಿದ್ದರು. ಅವರಿಗೆ ಕನ್ನಡ ಒಂದಕ್ಷರ ಬಾರದು. ಆದರೂ ಚಿಕ್ಕಮ್ಮ ನನ್ನನ್ನು ಕಣ್ಣಲ್ಲೇ ಗದರಿಸಿ, ಅದನ್ನೆಲ್ಲ ಈಗ ಕೇಳಬೇಡ ಎಂದುಬಿಟ್ಟರು. ಅಂದೇ ಸಂಜೆ ಪ್ರಬಂಧ ಒಪ್ಪಿಸಬೇಕಿದ್ದರಿಂದ ಮತ್ತೆ ಕೇಳುವುದಕ್ಕೆ ಸಮಯವಾಗಲಿಲ್ಲ. ಒಂಬತ್ತನೇ ಕೋಷ್ಟಕವನ್ನು ಖಾಲಿ ಬಿಟ್ಟು, ‘ಮಾಹಿತಿದಾರಳು ಎ ಉತ್ತರಿಸಲು ನಿರಾಕರಿಸಿದರು’ ಎಂದು ಪ್ರಾಮಾಣಿಕವಾಗಿ ಬರೆದೆ.

ಮೌಖಿಕ ಪರೀಕ್ಷೆ ಸಾರ್ವಜನಿಕ ಎಂದು ತಮ್ಮ ಸೂಚನಾಫಲಕ ಹೇಳುತ್ತಿತ್ತು. ಸಾರ್ವಜನಿಕರಾಗಿ ಬಂದವರು ಚಿಕ್ಕಮ್ಮ ಒಬ್ಬರೇ. ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಕೊನೆಯ ಸಾಲಿನಲ್ಲಿ ಮಡಿಲ ಮೇಲೆ ಕೈಚೀಲವಿಟ್ಟುಕೊಂಡು ಕೂತಿದ್ದರು. ಎದುರಿನ ಮೇಜಿಗೆ ತಾವು, ತಮ್ಮ ಬಲಕ್ಕೆ ಬೇರೆ ವಿಶ್ವವಿದ್ಯಾಲಯದಿಂದ ಬಂದ ಬಿಳಿಗೂದಲಿನ ಪರೀಕ್ಷಕಿ, ಎಡಕ್ಕೆ ನಡಾವಳಿ ಬರೆದುಕೊಳ್ಳಲು ಮುದ್ರೆಯಮ್ಮ. ಒಂದು ಗಂಟೆ ನನ್ನ ಫ್ರೆಂಚ್ ಅಲ್ಲಲ್ಲಿ ಎಡವಿದರೂ ಬೀಳದೆ ನಡೆಯಿತು. ಆಮೇಲೆ ಆ ಪರೀಕ್ಷಕಿ ಕನ್ನಡಕ ಏರಿಸಿ, ಈ ಖಾಲಿ ಕೋಷ್ಟಕ ನನಗೆ ನಿದ್ದೆ ಕೊಡುತ್ತಿಲ್ಲ, ಇಡೀ ಪ್ರಬಂಧದ ನಿಯಮ ನಿಂತಿರುವುದೇ ಇದರ ಮೇಲೆ ಎಂದು ಹೇಳಿ, ಗಿರಾಕಿಯ ರಕಾರವನ್ನು ಗಂಟಲಿನಿಂದ ಎಳೆದು, ಈ ಪದಕ್ಕೆ ಏನಾಗುತ್ತದೆ ಎಂದು ಕೇಳಿದರು. ನಾನು ಕೋಷ್ಟಕ ನೋಡಿದೆ. ನೀರಿನ ಜಗ್ಗು ನೋಡಿದೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿದೆ.

ಚಿಕ್ಕಮ್ಮನಿಗೆ ಫ್ರೆಂಚ್ ಅರ್ಥವಾಗದು. ಆದರೆ ಗಂಟಲಿನಿಂದ ಬಂದರೂ ಗಿರಾಕಿ ಗಿರಾಕಿಯೇ. ಅವರು ಎದ್ದು ನಿಂತು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ನನ್ನ ಕಡೆ ನೋಡಿ ಹೇಳಿದರು: “ಮಗಳೇ, ಆ ಮೇಡಂಗೆ ಹೇಳು. ‘ಗಿ’ ಹಾಕಿದ್ರೆ ವಸ್ತು ಹಗುರ ಆಗುತ್ತೆ. ಗಿರಾಕೀನ ಅವರ ಎದುರಿಗೆ ಹಗುರ ಮಾಡೋಕಾಗುತ್ತಾ? ಅವರು ಬಾಗಿಲು ದಾಟಿದ ಮೇಲೆ ‘ಗಿರಾಕಿ ಪರಾಕಿ’ ಅಂತೀನಿ ನಾನು. ನೀನು ಕೇಳಿದಾಗ ಕೋಟಿನವರು ಅಲ್ಲೇ ನಿಂತಿದ್ರಲ್ಲ, ಹೇಗೆ ಹೇಳ್ಲಿ?”

ಇದೇ ಆ ಅರ್ಧ ನಿಮಿಷ. ತಾವು ಪೆನ್ನಿನಿಂದ ಮೇಜನ್ನು ಮೂರು ಸಲ ಕುಟ್ಟಿದಿರಿ. ಪ್ರೇಕ್ಷಕರಿಗೆ ಮಾತಿನ ಹಕ್ಕಿಲ್ಲ ಎಂದಿರಿ. ಪರೀಕ್ಷಕಿ ಮಾತ್ರ, ಅವರು ಹೇಳಿದ್ದೇನು, ತಕ್ಷಣ ಅನುವಾದಿಸಿ ಎಂದರು. ನಾನು ಅನುವಾದಿಸಿದೆ. ಅವರು ಕುರ್ಚಿಯ ತುದಿಗೆ ಸರಿದು, ಅಂದರೆ ಪದದ ಸದ್ದು ಒಂದೇ ಅಡ್ಡಿಯಲ್ಲ, ಮರ್ಯಾದೆಯೂ ಅಡ್ಡಿ ಎಂದು ತಮಗೆ ತಾವೇ ಹೇಳಿಕೊಂಡು ಬರೆದುಕೊಂಡರು. ‘ಪರಾಕಿ’ಯನ್ನು ಇನ್ನೊಂದು ಸಲ ಹೇಳಿಸಬಹುದೇ ಎಂದು ಕೇಳಿದರು. ಚಿಕ್ಕಮ್ಮ ಬಾಯಿ ತೆರೆದರು. ತಾವು ಮತ್ತೆ ಎರಡು ಸಲ ಕುಟ್ಟಿದಿರಿ. ಅವರು ಕೂತರು, ಕೈಚೀಲವನ್ನು ಎದೆಗೊತ್ತಿಕೊಂಡು.

ಫಲಿತಾಂಶದ ಕಾಗದವನ್ನು ಮೊಗಸಾಲೆಯ ಜೆರಾಕ್ಸ್ ಯಂತ್ರದ ಪಕ್ಕ ನಿಂತು ಓದಿದೆ. ತಮ್ಮ ಗದ್ಯಕ್ಕೆ ನಾನು ಅಂದೇ ಅಭಿಮಾನಿಯಾದೆ. ಮೂರನೇ ಸಾಲಿನಲ್ಲಿ, ಪ್ರಬಂಧಕ್ಕೆ ಹದಿನಾಲ್ಕು ಅಂಕ ನೀಡಲಾಗಿದ್ದು, ಅಭ್ಯರ್ಥಿಯ ಕಡೆಯವರ ಅಪ್ರಸ್ತುತ ಮಾತಿನಿಂದ ಅಡಚಣೆಯಾದ ಕಾರಣ ಎರಡು ಅಂಕ ಕಳೆಯಲಾಗಿದೆ ಎಂದಿತ್ತು. ಒಂಬತ್ತನೇ ಸಾಲಿನಲ್ಲಿ, ಪರೀಕ್ಷೆಯ ವೇಳೆ ದೊರೆತ ಅತ್ಯಂತ ಪ್ರಸ್ತುತ ಮಾಹಿತಿಯನ್ನು ಹದಿನೈದು ದಿನದೊಳಗೆ ಒಂಬತ್ತನೇ ಕೋಷ್ಟಕಕ್ಕೆ ಕಡ್ಡಾಯವಾಗಿ ಸೇರಿಸತಕ್ಕದ್ದು ಎಂದಿತ್ತು. ಒಬ್ಬರೇ ಹೆಂಗಸು, ಒಂದೇ ಉಸಿರಿನಲ್ಲಿ ಆಡಿದ ಒಂದೇ ಮಾತು ಮೂರನೇ ಸಾಲಿನಲ್ಲಿ ಗಲಾಟೆ, ಒಂಬತ್ತನೇ ಸಾಲಿನಲ್ಲಿ ಜ್ಞಾನ. ನಡುವಿನ ಐದು ಸಾಲುಗಳಲ್ಲಿ ಏನಾಯಿತೆಂದು ನಾನು ಇಂದಿಗೂ ಹುಡುಕುತ್ತಿದ್ದೇನೆ. ಅಲ್ಲಿ ಸಭಾಂಗಣದ ಕುರ್ಚಿಗಳ ಸಂಖ್ಯೆ ಮತ್ತು ತಮ್ಮ ಬಿರುದುಗಳು ಮಾತ್ರ ಇವೆ.

ಹದಿನಾಲ್ಕರಲ್ಲಿ ಎರಡು ಹೋದರೆ ಹನ್ನೆರಡು. ಶಾಲೆಗೆ ಬೇಕಾದದ್ದು ಹದಿಮೂರು. ಈ ಲೆಕ್ಕ ಚಿಕ್ಕಮ್ಮನಿಗೂ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ನನ್ನಿಂದ ನಿನಗೆ ಕೆಟ್ಟದಾಯ್ತಾ?” ಎಂದು ಕೇಳಿದರು. ಇಲ್ಲ ಎಂದೆ. ಇಲ್ಲ ಎನ್ನುವುದಕ್ಕೆ ನಾನು ತೆಗೆದುಕೊಂಡ ಹೊತ್ತನ್ನು ಅವರು ಅಳೆದಿರಬೇಕು. ಅಳತೆ ಅವರ ಕಸುಬು.

ಮಾನ್ಯರೇ, ಅಂದಿನಿಂದ ಹನ್ನೊಂದು ದಿನ ನಮ್ಮ ಮನೆಯಲ್ಲಿ ಒಂದೇ ಒಂದು ‘ಗಿ’ ಕೇಳಿಸಲಿಲ್ಲ. ಚಿಕ್ಕಮ್ಮ ‘ಊಟ ತಯಾರಿದೆ’ ಎನ್ನುತ್ತಿದ್ದರು. ‘ಬಟ್ಟೆ ಒಣಗಿದೆ’ ಎನ್ನುತ್ತಿದ್ದರು. ಬಾಗಿಲಿಗೆ ಅಂಟಿಸಿದ ಸೂಚನೆಗಳಂತೆ, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಪ್ರತಿ ಮಾತನ್ನೂ ಆಡುವ ಮುನ್ನ ಬಾಯೊಳಗೇ ಒಂದು ಸಲ ಪರೀಕ್ಷಿಸಿ ಹೊರಗೆ ಬಿಡುತ್ತಿದ್ದರು. ಯಂತ್ರದ ಸೂಜಿ ಮುರಿದ ದಿನವೂ ಬೈಯಲಿಲ್ಲ. ನಲವತ್ತರ ಹತ್ತಿರ ಬಂದ ನನಗೆ ಹುದ್ದೆ ಕೈತಪ್ಪುವ ಭಯ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಹನ್ನೊಂದು ದಿನ ನಾನು ಅಡುಗೆಮನೆಯಲ್ಲಿ ಕೂತು ಕಾದದ್ದು ಹದಿಮೂರನೇ ಅಂಕಕ್ಕಲ್ಲ.

ಹನ್ನೆರಡನೇ ದಿನ ತಿದ್ದಿದ ಪ್ರಬಂಧ ಒಪ್ಪಿಸಲು ತಮ್ಮ ಕಚೇರಿಯ ಕಿಟಕಿಗೆ ಹೋದೆ. ಮುದ್ರೆಯಮ್ಮ ಮುದ್ರೆ ಎತ್ತಿ, ಹಾಕದೆ, ಕೆಳಗಿಟ್ಟರು. ಮತ್ತೆ ಮರೆತಿರಾ ಎಂದರು. ಏನನ್ನು ಎಂದೆ. ನಿಯಮಾವಳಿಯ ಹದಿನೇಳನೇ ಕಲಮು ಎಂದು ಹೇಳಿ, ಪುಸ್ತಕ ತಿರುಗಿಸಿ ನನ್ನ ಕಡೆ ತಳ್ಳಿದರು. ಪರೀಕ್ಷಕ ಮಂಡಲಿಯು ಹೊಸ ವಿಷಯವನ್ನು ಕಡ್ಡಾಯವಾಗಿ ಸೇರಿಸಲು ಆದೇಶಿಸಿದ್ದಲ್ಲಿ, ಹಳೆಯ ಅಂಕ ರದ್ದಾಗಿ, ತಿದ್ದಿದ ಪ್ರಬಂಧವನ್ನು ಹೊರಗಿನ ಪರೀಕ್ಷಕರೊಬ್ಬರೇ ಹೊಸದಾಗಿ ಅಳೆಯತಕ್ಕದ್ದು. ಆ ನಿಯಮವನ್ನು ಬರೆದವರು ತಾವೇ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ತಮ್ಮ ದೂರದೃಷ್ಟಿಗೆ ನಾನು ಕಿಟಕಿಯ ಮುಂದೆಯೇ ಕೈಮುಗಿದೆ. ಆ ಪರೀಕ್ಷಕಿ ಒಂಬತ್ತನೇ ಕೋಷ್ಟಕವನ್ನು ಓದಿ, ಹದಿನಾರು ಅಂಕ ಕೊಟ್ಟು, ಅಂಚಿನಲ್ಲಿ ‘ಇನ್ನು ನಿದ್ದೆ ಬರುತ್ತದೆ’ ಎಂದು ಬರೆದು ಕಳುಹಿಸಿದರು. ನಲವತ್ತು ತುಂಬಲು ಹತ್ತೊಂಬತ್ತು ದಿನ ಬಾಕಿಯಿರುವಾಗ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ನೇಮಕದ ಆದೇಶ ಕೊಟ್ಟರು.

ಓಡಿಬಂದು ಚಿಕ್ಕಮ್ಮನಿಗೆ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆ ನೇರ ನಿಲ್ಲಿಸಿ, ನನ್ನ ತಲೆ ಸವರಿ, ‘ಬಹಳ ಸಂತೋಷವಾಯಿತು’ ಎಂದರು. ಆಯಿತು, ಮಾನ್ಯರೇ. ಆಯ್ತು ಅಲ್ಲ. ‘ಗಿ’ ಇನ್ನೂ ಮರಳಿರಲಿಲ್ಲ.

ಅದಾದ ಮೂರನೇ ದಿನ ತಮ್ಮ ಪತ್ರ ಬಂತು.

ಈಗ ನನ್ನ ಕೋರಿಕೆಗಳು. ಅಂಕಗಳನ್ನು ಕೇಳುವುದಿಲ್ಲ, ಅವು ಬಂದಿವೆ. ತಾವು ಚಿಕ್ಕಮ್ಮನ ಮೇಲಿನ ನಿರ್ಬಂಧವನ್ನು ಹಿಂತೆಗೆದುಕೊಳ್ಳಬೇಕು. ಅದು ಸಾಧ್ಯವಿಲ್ಲದಿದ್ದರೆ, ನಿರ್ಬಂಧವನ್ನು ಸಂಪೂರ್ಣವಾಗಿ ಜಾರಿಗೆ ತಂದು, ಅವರ ಬಾಯಿಂದ ಬಂದ ಇನ್ನೂರ ಹದಿನಾಲ್ಕು ಉದಾಹರಣೆಗಳನ್ನೂ ವಿಭಾಗದ ಕಟ್ಟಡದಿಂದ ಹೊರಗೆ ಹಾಕಬೇಕು. ಅವರು ಒಳಗೆ ಬರಬಾರದು, ಅವರ ಮಾತು ಮಾತ್ರ ತಮ್ಮ ಗ್ರಂಥಾಲಯದ ಕಪಾಟಿನಲ್ಲಿ ಹೊದ್ದು ಮಲಗಬೇಕು ಎಂಬುದು ಯಾವ ವ್ಯಾಕರಣಕ್ಕೂ ಕೂಡಿಬರುವುದಿಲ್ಲ. ಅದೂ ಆಗದಿದ್ದರೆ ತಮ್ಮ ಪತ್ರದ ತಲೆಗೆ ಒಂದು ನಕ್ಷತ್ರ ಹಾಕಿ ಮರಳಿ ಕಳುಹಿಸಿಕೊಡಿ, ನಾನು ಶಾಂತಳಾಗುತ್ತೇನೆ. ಇನ್ನು ತಾವು ಮೇಜನ್ನು ಐದು ಸಲ ಕುಟ್ಟಿದ ಪೆನ್ನಿನ ಸದ್ದು ಅಂದು ನಾನು ಮೇಜಿನ ಮೇಲಿಟ್ಟಿದ್ದ ರೆಕಾರ್ಡರಿನಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಅದು ಸ್ವರವೋ ವ್ಯಂಜನವೋ ಎಂದು ನಿರ್ಧರಿಸಲು ಮುಂದಿನ ವರ್ಷದ ವಿದ್ಯಾರ್ಥಿಯೊಬ್ಬರಿಗೆ ಪ್ರಬಂಧದ ವಿಷಯವಾಗಿ ಕೊಡಬೇಕೆಂದೂ ಕೋರುತ್ತೇನೆ. ಅದರ ಬಗ್ಗೆ ಫ್ರೆಂಚಿನಲ್ಲಿ ಇನ್ನೂ ಯಾರೂ ಬರೆದಿರಲಾರರು.

ತಮ್ಮ ಪಾಂಡಿತ್ಯ ಹೀಗೇ ಮೂರನೇ ಮಹಡಿಯಲ್ಲಿ ಸುರಕ್ಷಿತವಾಗಿರಲಿ, ಕೆಳಗೆ ಬೀದಿಯಲ್ಲಿ ನಾವು ಮಾತಾಡುವ ಸದ್ದಿಗೆ ತಮ್ಮ ಕಿಟಕಿ ಒಮ್ಮೊಮ್ಮೆಯಾದರೂ ತೆರೆಯಲಿ ಎಂದು ಹಾರೈಸುತ್ತಾ ಮುಗಿಸುತ್ತೇನೆ.

ಇತಿ, ತಮ್ಮ ವಿಶ್ವಾಸಿ,
ಹೊಸದಾಗಿ ನೇಮಕಗೊಂಡ ಶಿಕ್ಷಕಿ ಹಾಗೂ ಮಾಹಿತಿದಾರಳು ‘ಎ’ಯ ಅಕ್ಕನ ಮಗಳು

ಮರೆತ ಮಾತು: ತಮ್ಮ ಪತ್ರವನ್ನು ಚಿಕ್ಕಮ್ಮನಿಗೆ ಕನ್ನಡದಲ್ಲಿ ಓದಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ತಮ್ಮ ವಿಭಾಗದ ಪದವಿ ಪಡೆದವಳು ಮಾಡಿದ ಅನುವಾದವಾದ್ದರಿಂದ ಅದರ ಗುಣಮಟ್ಟದ ಬಗ್ಗೆ ತಮಗೆ ಸಂಶಯವಿರಲಾರದು. ಇದ್ದರೆ, ವಿಭಾಗದಲ್ಲಿ ಕನ್ನಡ ಬಲ್ಲವರು ಯಾರಾದರೂ ಪರಿಶೀಲಿಸಬಹುದು. ಆ ಅನುವಾದದಲ್ಲಿ ತಾವು ಕ್ಷಮೆ ಕೇಳಿದ್ದೀರಿ. ಬಹಳ ಚೆನ್ನಾಗಿ ಕೇಳಿದ್ದೀರಿ. ಕೇಳಿಸಿಕೊಂಡ ಚಿಕ್ಕಮ್ಮ ಕಣ್ಣೊರೆಸಿಕೊಂಡು, “ಪಾಪ, ಅಷ್ಟು ದೊಡ್ಡವರು, ಕ್ಷಮೆಗಿಮೆ ಎಲ್ಲ ಯಾಕೆ ಕೇಳೋಕೆ ಹೋದ್ರು” ಎಂದರು. ತಾವು ಅವರನ್ನು ಬರುವ ಗುರುವಾರ ಹನ್ನೊಂದು ಗಂಟೆಗೆ ತಮ್ಮ ಕೋಣೆಗೆ ಆಹ್ವಾನಿಸಿಯೂ ಇದ್ದೀರಿ. ಅವರು ಒಪ್ಪಿದ್ದಾರೆ, ಅಂಗಡಿಯ ಬಾಗಿಲಿಗೆ ರಜೆಯ ಚೀಟಿ ಅಂಟಿಸಿಯಾಗಿದೆ. ಅಂದು ತಾವು ಬಾಗಿಲಲ್ಲಿ ನಿಂತು ಹೇಳಬೇಕಾದ ವಾಕ್ಯ ಇಷ್ಟೇ: ‘ತಪ್ಪಾಯ್ತು, ಒಳಗೆ ಬನ್ನಿ.’ ‘ತಪ್ಪಾಯ್ತು’ ಎನ್ನುವಾಗ ಎರಡು ತುಟಿಗಳನ್ನೂ ಗಟ್ಟಿಯಾಗಿ ಮುಚ್ಚಿ, ಒಂದು ಕ್ಷಣ ಹಾಗೇ ಹಿಡಿದಿದ್ದು ಬಿಡಬೇಕು. ತಮ್ಮ ಕಡೆಯವರಿಗೆ ಮೊದಲಿಗೆ ಇದು ಕಷ್ಟವಾಗುತ್ತದೆ. ಬೆಳಿಗ್ಗೆ ಬಚ್ಚಲಲ್ಲಿ ಅಭ್ಯಾಸ ಮಾಡಿ.